ರೋಮಿನ ಗುಡಿ ಬಿಟ್ಟು ಕಚೇರಿ ಹಿಡಿದ ಚರ್ಚು

ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಡರ್ಹಮ್ ಸೀಮೆಯಲ್ಲಿ, ಎಸ್ಕಮ್ ಅಂತ ಒಂದು ಸಣ್ಣ ಊರಿದೆ. ಅಲ್ಲೊಂದು ಪುಟ್ಟ ಚರ್ಚು. ಕಟ್ಟಿದ್ದು ಸುಮಾರು 675ರಲ್ಲಿ. ಗೋಪುರವಿಲ್ಲ, ಶಿಲ್ಪಗಳ ಸಾಲಿಲ್ಲ. ಎತ್ತರದ ಗೋಡೆ, ಕಿರಿದಾದ ಅಗಲ, ಸಣ್ಣ ಸಣ್ಣ ಕಿಟಕಿ. ಅದರ ಉತ್ತರದ ಗೋಡೆಯ ಉದ್ದಕ್ಕೂ ಹೊರಗಿನಿಂದ ಕಣ್ಣಾಡಿಸಿದರೆ ಒಂದು ಕಲ್ಲಿನ ಮೇಲೆ ಅಕ್ಷರಗಳು ಕಾಣುತ್ತವೆ. ಆದರೆ ತಲೆಕೆಳಗು. ಕತ್ತು ತಿರುಗಿಸಿ ಓದಿಕೊಂಡರೆ ಅರ್ಥ ಇಷ್ಟು: ಆರನೇ ಲೀಜನ್. ರೋಮನ್ ಸೈನ್ಯದ ಒಂದು ದಳದ ಹೆಸರು ಅದು.

ಕಲ್ಲು ಬಂದಿದ್ದು ಹತ್ತಿರದ ಬಿನ್‌ಚೆಸ್ಟರ್ ಕೋಟೆಯಿಂದ. ರೋಮನ್ನರು ಬ್ರಿಟನ್ ಬಿಟ್ಟು ಹೋಗಿದ್ದು 410ರ ಸುಮಾರಿಗೆ. ಕೋಟೆ ಹಾಳುಬಿದ್ದು ಇನ್ನೂರೈವತ್ತು ವರ್ಷ ಆಗಿತ್ತು. ಕೆತ್ತಿ, ಮೂಲೆ ಸರಿಮಾಡಿ ಸಿದ್ಧವಾಗಿದ್ದ ಕಲ್ಲು ರಾಶಿ ಬಿದ್ದಿರುವಾಗ ಹೊಸ ಕ್ವಾರಿ ಯಾರು ತೆಗೆಯುತ್ತಾರೆ? ಗಾಡಿಗೆ ಹೇರಿ ತಂದರು. ಅಕ್ಷರ ಇರುವ ಕಲ್ಲನ್ನು ಕೂರಿಸಿದ ಮೇಸ್ತ್ರಿಗೆ ಓದು ಬರುತ್ತಿರಲಿಲ್ಲವೋ, ಬಂದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೋ, ಉಲ್ಟಾ ಇಟ್ಟು ಗಾರೆ ಮೆತ್ತಿದ.

ಪುಕ್ಕಟೆ ಕಲ್ಲು ಸಿಕ್ಕಿತು, ಬಳಸಿದರು, ಅಷ್ಟೇ ಅಲ್ವಾ ಅಂತ ಅನ್ನಿಸಬಹುದು. ಎಸ್ಕಮ್‌ನಲ್ಲಿ ಬಹುಶಃ ಅಷ್ಟೇ. ಆದರೆ ಆ ಕಾಲದ ಯುರೋಪಿನ ಚರ್ಚುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡು ರೋಮುಗಳು ಕಾಣುತ್ತವೆ. ಒಂದು ಗಾಡಿಯಲ್ಲಿ ಹೇರಿ ತರಬಹುದಾದ ರೋಮ್: ಕಲ್ಲು, ಇಟ್ಟಿಗೆ, ಕಂಬ. ಇನ್ನೊಂದು ತಲೆಯಲ್ಲಿದ್ದ ರೋಮ್. ‘ದೊಡ್ಡವರು ಕಟ್ಟುತ್ತಿದ್ದದ್ದು ಹೀಗೆ’ ಅನ್ನುವ ಒಂದು ಗುಂಗು. 500ರಿಂದ 1000ದವರೆಗಿನ ಚರ್ಚುಗಳಲ್ಲಿ ಇವೆರಡೂ ಬೆರೆತಿವೆ.

ಮೊದಲು ಆಕಾರದ ವಿಷಯ ಮುಗಿಸೋಣ. ರೋಮಿನಲ್ಲಿ ದೇವಸ್ಥಾನಗಳಿಗೇನೂ ಬರ ಇರಲಿಲ್ಲ. ಎತ್ತರದ ಜಗಲಿ, ಮುಂದೆ ಕಂಬಗಳ ಸಾಲು, ಹಿಂದೆ ದೇವರ ಕೋಣೆ. ಕ್ರೈಸ್ತ ಧರ್ಮಕ್ಕೆ ರಾಜಾಶ್ರಯ ಸಿಕ್ಕಾಗ ಇದೇ ಮಾದರಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಅದು ಬೇರೆ ದೇವರ ಮನೆ, ಅದರ ಮೇಲೆ ಸಿಟ್ಟಿತ್ತು ಅನ್ನುವುದು ಒಂದು ಕಾರಣ. ಅದಕ್ಕಿಂತ ಗಟ್ಟಿ ಕಾರಣ ಬೇರೆ ಇದೆ. ರೋಮನ್ ದೇವಸ್ಥಾನ ದೇವರಿಗೆ ಮನೆ, ಜನರಿಗಲ್ಲ. ಬಲಿಪೀಠ ಹೊರಗೆ ಅಂಗಳದಲ್ಲಿ, ಜನ ನಿಲ್ಲುವುದೂ ಅಲ್ಲೇ. ಗರ್ಭಗುಡಿ ನೋಡಿ ಬೆಳೆದ ನಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಕ್ರೈಸ್ತರ ಪೂಜೆ ಹಾಗಲ್ಲ. ಎಲ್ಲರೂ ಒಳಗೆ ಬರಬೇಕು, ಒಟ್ಟಿಗೆ ನಿಲ್ಲಬೇಕು, ಓದಿದ್ದನ್ನು ಕೇಳಬೇಕು, ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳಬೇಕು. ಅದಕ್ಕೆ ಬೇಕಾಗಿದ್ದು ದೊಡ್ಡದೊಂದು ಹಾಲ್.

ಅಂಥ ಹಾಲ್ ರೋಮನ್ನರ ಪ್ರತಿ ಪಟ್ಟಣದಲ್ಲೂ ಇತ್ತು. ಅದೇ ಬೆಸಿಲಿಕ. ಈಗ ಆ ಹೆಸರು ಕೇಳಿದರೆ ಚರ್ಚೇ ನೆನಪಾಗುತ್ತದೆ. ಆದರೆ ಮೂಲದಲ್ಲಿ ಅದು ಕೋರ್ಟು, ಕಚೇರಿ, ವ್ಯಾಪಾರಿಗಳ ಅಡ್ಡೆ, ಮೂರೂ ಸೇರಿದ ಜಾಗ. ಮಳೆ ಬಂದರೆ ಜನ ನುಗ್ಗುತ್ತಿದ್ದದ್ದೂ ಅಲ್ಲಿಗೇ ಇರಬೇಕು.

ಅದರ ಕಟ್ಟಣೆ ಸರಳ. ನಡುವೆ ಉದ್ದನೆಯ, ಎತ್ತರದ ಹಾಲ್. ಎರಡೂ ಪಕ್ಕ ಕಂಬದ ಸಾಲು. ಕಂಬದಾಚೆ ತಗ್ಗು ಮಾಡಿನ ಪಡಸಾಲೆ. ನಡುವಿನ ಹಾಲಿನ ಗೋಡೆ ಪಡಸಾಲೆಯ ಮಾಡನ್ನು ದಾಟಿ ಮೇಲಕ್ಕೆ ಹೋಗುತ್ತದಲ್ಲ, ಆ ಎತ್ತರದಲ್ಲಿ ಸಾಲು ಕಿಟಕಿ. ನಮ್ಮ ಹಳೆ ಮನೆಗಳ ಬೆಳಕಿಂಡಿಯ ಕೆಲಸವನ್ನೇ ಅವು ಮಾಡುತ್ತವೆ. ಪಕ್ಕದಲ್ಲಿ ಏನೇ ಕಟ್ಟಿಕೊಂಡರೂ ನಡುಮನೆಗೆ ಬೆಳಕು ತಪ್ಪುವುದಿಲ್ಲ. ಹಾಲಿನ ತುದಿಯಲ್ಲಿ ಅರ್ಧವೃತ್ತದ ಗೂಡು. ಅದನ್ನು ಆಪ್ಸ್ ಅನ್ನುತ್ತಾರೆ. ನ್ಯಾಯಾಧಿಕಾರಿ ಕೂರುತ್ತಿದ್ದದ್ದು ಅಲ್ಲಿ.

ಕ್ರೈಸ್ತರು ಮಾಡಿದ ಬದಲಾವಣೆ ನೋಡಲು ಚಿಕ್ಕದು. ಕಚೇರಿಗೆ ಬಾಗಿಲು ಹೆಚ್ಚಾಗಿ ಉದ್ದದ ಪಕ್ಕದಲ್ಲಿ ಇರುತ್ತಿತ್ತು. ಇವರು ಅದನ್ನು ಕಿರಿ ಪಕ್ಕಕ್ಕೆ, ಆಪ್ಸಿಗೆ ಎದುರಾಗಿ ತಂದರು. ಅಷ್ಟರಿಂದಲೇ ಕಟ್ಟಡದ ನಡತೆ ಬದಲಾಯಿತು. ಒಳಗೆ ಕಾಲಿಟ್ಟವನ ಕಣ್ಣು ಕಂಬಗಳ ಸಾಲು ಹಿಡಿದು ನೇರವಾಗಿ ತುದಿಗೆ ಓಡುತ್ತದೆ. ಅಲ್ಲಿ ನ್ಯಾಯಾಧಿಕಾರಿಯ ಬದಲು ಬಿಷಪ್, ಮುಂದೆ ಪೂಜೆಯ ವೇದಿಕೆ. ಬಿಷಪ್ಪರ ಕುರ್ಚಿಗೆ ‘ಕಥೆದ್ರ’ ಅಂತ ಹೆಸರು. ಅದು ಇರುವ ಚರ್ಚು ಕೆಥೆಡ್ರಲ್. ಕುರ್ಚಿಯಿಂದ ಬಂದ ಹೆಸರು ಅದು, ಗಾತ್ರದಿಂದಲ್ಲ.

ಚಕ್ರವರ್ತಿ ಕಾನ್‌ಸ್ಟಂಟೈನ್ 313ರಲ್ಲಿ ಕ್ರೈಸ್ತ ಧರ್ಮಕ್ಕೆ ಮುಕ್ತ ಅವಕಾಶ ಕೊಟ್ಟ. ಅವನು ರೋಮಿನಲ್ಲಿ ಕಟ್ಟಿಸಿದ ಮೊದಲ ದೊಡ್ಡ ಚರ್ಚು ಲ್ಯಾಟರನ್. ಯುದ್ಧದಲ್ಲಿ ತನ್ನ ಎದುರಾಳಿಯ ಕಡೆ ನಿಂತಿದ್ದ ಕುದುರೆ ಪಡೆಯ ಬಿಡಾರ ಕೆಡವಿಸಿ, ಅದೇ ಜಾಗದಲ್ಲಿ ಅದನ್ನು ಎಬ್ಬಿಸಿದ. ಸೇಡು ಮತ್ತು ಭಕ್ತಿ ಒಂದೇ ಪಾಯದ ಮೇಲೆ. ಆಮೇಲೆ ವ್ಯಾಟಿಕನ್ ಗುಡ್ಡದ ಇಳಿಜಾರಿನಲ್ಲಿ, ಸಂತ ಪೀಟರನ ಸಮಾಧಿಯ ಮೇಲೆ ಹಳೆಯ ಸೇಂಟ್ ಪೀಟರ್ಸ್ ಎದ್ದಿತು. ಅದಕ್ಕೆ ಆಪ್ಸಿನ ಮುಂದೆ ಒಂದು ಅಡ್ಡ ಹಾಲನ್ನೂ ಸೇರಿಸಿದರು. ಚರ್ಚಿನ ನಕ್ಷೆ ಶಿಲುಬೆಯ ಆಕಾರಕ್ಕೆ ತಿರುಗುವ ದಾರಿಯಲ್ಲಿ ಅದೊಂದು ದೊಡ್ಡ ಹೆಜ್ಜೆ. ಈಗ ನಾವು ನೋಡುವ ಸೇಂಟ್ ಪೀಟರ್ಸ್ ಬೇರೆ, ಅದರ ಕೆಲಸ ಶುರುವಾಗಿದ್ದು 1506ರಲ್ಲಿ.

ಹಳೆಯದು ಹೇಗಿತ್ತು ಅಂತ ತಿಳಿಯಲು ರೋಮಿನ ಸಾಂತಾ ಸಬೀನಾ ನೋಡಬೇಕು. 422ರಿಂದ 432ರ ನಡುವಿನ ಕಟ್ಟಡ. ಇಲಿರಿಯಾ ಕಡೆಯ ಪೀಟರ್ ಅನ್ನುವ ಪಾದ್ರಿ ಕಟ್ಟಿಸಿದ್ದು ಅಂತ ಬಾಗಿಲ ಒಳಮೇಲ್ಭಾಗದಲ್ಲಿ ಮೊಸಾಯಿಕ್ ಅಕ್ಷರದಲ್ಲಿ, ಅಂದರೆ ಬಣ್ಣದ ಸಣ್ಣ ಚೂರುಗಳನ್ನು ಜೋಡಿಸಿ ಬರೆದಿದೆ. ಒಳಗೆ ಹೋದರೆ ಬರೀ ಬೆಳಕು. ಮೇಲಿನ ಕಿಟಕಿಗಳಿಗೆ ಗಾಜಿನ ಬದಲು ಜಿಪ್ಸಂ ಹರಳಿನ ತೆಳು ಹಾಳೆ. ಅಭ್ರಕದ ಹಾಗೆ ಬಿಸಿಲನ್ನು ಸೋಸಿ ಬಿಡುತ್ತದೆ. ಕೆಳಗೆ 24 ಕಂಬ. ಉದ್ದುದ್ದ ಗೀರು ಕೊರೆದ, ನೆತ್ತಿಯಲ್ಲಿ ಎಲೆ ಕೆತ್ತನೆಯ ಅಮೃತಶಿಲೆ ಕಂಬಗಳು. ಎಲ್ಲವೂ ಹಳೆಯ ರೋಮನ್ ಕಟ್ಟಡದಿಂದ ತಂದವು. ಒಂದಕ್ಕೊಂದು ಹೊಂದುವ ಇಷ್ಟು ಕಂಬ ಒಟ್ಟಿಗೆ ಸಿಕ್ಕಿದ್ದು ಅದೃಷ್ಟ. ಆಮೇಲಿನ ಚರ್ಚುಗಳಲ್ಲಿ ಒಂದು ಕಂಬ ದಪ್ಪ, ಇನ್ನೊಂದು ಸಪೂರ, ಒಂದು ಗಿಡ್ಡ. ಕೆಳಗೆ ಕಲ್ಲು ಒಟ್ಟಿ ಸರಿಹೊಂದಿಸಿರುತ್ತಾರೆ. ಮರದ ಬಾಗಿಲೂ 5ನೇ ಶತಮಾನದ್ದೇ. 28 ಕೆತ್ತನೆ ಹಲಗೆಗಳಲ್ಲಿ 18 ಉಳಿದಿವೆ. ಶಿಲುಬೆಗೇರಿದ ಕ್ರಿಸ್ತನ ಅತಿ ಹಳೆಯ ಚಿತ್ರಗಳಲ್ಲಿ ಒಂದು ಆ ಹಲಗೆಗಳಲ್ಲಿದೆ.

ಮೇಲೆ? ಸುಮ್ನೆ ಮರದ ಮಾಡು. ತೊಲೆ, ಪಕಾಸು, ಹೆಂಚು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುಡಿಗಳಿಗೆ ಒಂದು ಅಪವಾದ ಇದೆ, ಅದನ್ನೂ ಹೇಳಿಬಿಡುತ್ತೇನೆ. ರೋಮಿನ ಪ್ಯಾಂಥಿಯನ್ 609ರಲ್ಲಿ ಚರ್ಚಾಯಿತು. ಹೆಚ್ಚುಕಡಿಮೆ ಇಡಿಯಾಗಿ ಉಳಿದು ಬಂದಿರುವುದಕ್ಕೆ ಅದೂ ಒಂದು ಕಾರಣ. ಆದರೆ ಕಾನ್‌ಸ್ಟಂಟೈನ್ ಕಾಲಕ್ಕೂ ಇದಕ್ಕೂ ಮುನ್ನೂರು ವರ್ಷದ ಅಂತರ. ಅಷ್ಟು ಹೊತ್ತಿಗೆ ಹಳೆ ದೇವರುಗಳ ಭಯ ಹೋಗಿತ್ತು.

ಉದ್ದನೆ ಹಾಲಿನ ಜೊತೆ ರೋಮನ್ನರಿಂದ ಇನ್ನೊಂದು ಆಕಾರವೂ ಬಂತು. ದುಂಡನೆಯದು. ರೋಮಿನ ದೊಡ್ಡವರ ಸಮಾಧಿಗಳು ದುಂಡಗೆ ಇರುತ್ತಿದ್ದವು. ಕಾನ್‌ಸ್ಟಂಟೈನನ ಮಗಳಿಗಾಗಿ 350ರ ಸುಮಾರಿಗೆ ಕಟ್ಟಿದ ಸಾಂತಾ ಕೊಸ್ತಾಂಜಾ ಹಾಗೆಯೇ ಇದೆ. ಜೋಡಿ ಜೋಡಿಯಾಗಿ ನಿಂತ ಕಂಬಗಳ ಬಳೆ, ಮೇಲೆ ಗುಮ್ಮಟ. ಸುತ್ತಿನ ಮೊಸಾಯಿಕ್‌ನಲ್ಲಿ ಹುಡುಗರು ದ್ರಾಕ್ಷಿ ಕೊಯ್ದು, ತುಳಿದು ರಸ ತೆಗೆಯುತ್ತಿದ್ದಾರೆ. ಕ್ರೈಸ್ತರ ಚಿತ್ರವೋ, ಮದಿರೆಯ ದೇವರದ್ದೋ ಅಂತ ಗೊಂದಲ ಆಗುವಷ್ಟು ಹಳೆಯ ಶೈಲಿ. ಸಮಾಧಿಯ ಆಕಾರ ದೀಕ್ಷಾಸ್ನಾನದ ಮನೆಗಳಿಗೂ ಬಂತು. ಅಲ್ಲಿ ಅದು ಎಂಟು ಮೂಲೆಯದಾಯಿತು. ಹಳೆ ಬದುಕು ಸತ್ತು ಹೊಸದು ಹುಟ್ಟುತ್ತದೆ ಅನ್ನುವ ನಂಬಿಕೆ ಒಂದು ಕಡೆ. ಕ್ರಿಸ್ತ ಮತ್ತೆ ಎದ್ದ ದಿನವನ್ನು ‘ಎಂಟನೇ ದಿನ’ ಅನ್ನುವ ಲೆಕ್ಕ ಇನ್ನೊಂದು ಕಡೆ. ಈ ಎಂಟನ್ನು ಮರೆಯಬೇಡಿ.

ಈಗ ಮತ್ತೆ ಉತ್ತರಕ್ಕೆ. ಬ್ರಿಟನ್ನಿನ ಜನ ಆಗ ಕಟ್ಟುತ್ತಿದ್ದದ್ದು ಮರದಲ್ಲಿ. ಕಲ್ಲಿನ ಚರ್ಚು ಅಂದರೆ ಅದು ‘ರೋಮಿನವರ ರೀತಿ’. ಬೆನೆಡಿಕ್ಟ್ ಬಿಸ್ಕಪ್ ಅನ್ನುವ ಮಠಾಧಿಪತಿ ರೋಮಿಗೆ ಹಲವು ಸಲ ಹೋಗಿ ಬಂದವನು. 674ರಲ್ಲಿ ಮಾಂಕ್‌ವೇರ್‌ಮತ್‌ನಲ್ಲಿ ಮಠ ಕಟ್ಟಲು ಅವನಿಗೆ ಕಲ್ಲುಕೆಲಸದವರೇ ಸಿಗಲಿಲ್ಲ. ಸಮುದ್ರ ದಾಟಿ ಗಾಲ್ ಪ್ರಾಂತ್ಯದಿಂದ, ಅಂದರೆ ಇವತ್ತಿನ ಫ್ರಾನ್ಸ್ ಕಡೆಯಿಂದ ಮೇಸ್ತ್ರಿಗಳನ್ನು ಕರೆತಂದ. ಕಿಟಕಿಗೆ ಗಾಜು ಮಾಡುವವರನ್ನೂ ಅಲ್ಲಿಂದಲೇ ಕರೆಸಿದ. ಅವನು ಯಾವಾಗಲೂ ಇಷ್ಟಪಡುತ್ತಿದ್ದ ರೋಮನ್ ರೀತಿಯಲ್ಲೇ ಕಟ್ಟಿಸಿದ ಅಂತ ಅದೇ ಮಠದಲ್ಲಿ ಬೆಳೆದ ಸನ್ಯಾಸಿ, ಚರಿತ್ರೆಕಾರ ಬೀಡ್ ಬರೆದಿದ್ದಾನೆ.

ಅದೇ ವರ್ಷಗಳಲ್ಲಿ ಹೆಕ್ಸಮ್‌ನಲ್ಲಿ ವಿಲ್ಫ್ರಿಡ್ ಅನ್ನುವ ಬಿಷಪ್ ಇನ್ನೊಂದು ಚರ್ಚು ಎಬ್ಬಿಸಿದ. ಆಲ್ಪ್ಸ್ ಪರ್ವತದ ಈಚೆಗೆ ಇಂಥದ್ದು ಇಲ್ಲ ಅಂತ ಅವನ ಜೀವನಚರಿತ್ರೆಕಾರ ಹೊಗಳಿದ. ಮೇಲಿನ ಕಟ್ಟಡ ಈಗಿಲ್ಲ. ನೆಲಮಾಳಿಗೆ ಉಳಿದಿದೆ. ಸಂತರ ಮೂಳೆ ಮುಂತಾದ ಪವಿತ್ರ ವಸ್ತುಗಳನ್ನು ಇಡುತ್ತಿದ್ದ ಜಾಗ ಅದು. ಇಕ್ಕಟ್ಟಾದ ಕತ್ತಲೆ ದಾರಿಗಳು. ಗೋಡೆಯ ಕಲ್ಲೆಲ್ಲ ಕಾರ್ಬ್ರಿಜ್ ಅನ್ನುವ ರೋಮನ್ ಪಟ್ಟಣದ್ದು. ಒಂದು ಹಾಸುಗಲ್ಲಿನ ಮೇಲೆ ಚಕ್ರವರ್ತಿ ಸೆವೆರಸ್ ಮತ್ತು ಅವನ ಇಬ್ಬರು ಮಕ್ಕಳ ಹೆಸರಿದೆ. ಅದರಲ್ಲಿ ಒಂದು ಹೆಸರನ್ನು ಉಳಿಯಿಂದ ಕೆರೆದು ಹಾಕಿದ್ದಾರೆ. ಅದು ಗೇಟಾನ ಹೆಸರು. 211ರಲ್ಲಿ ಅಣ್ಣ ಕರಕಲ್ಲ ಅವನನ್ನು ಕೊಲ್ಲಿಸಿ, ಸಾಮ್ರಾಜ್ಯದಲ್ಲೆಲ್ಲ ಅವನ ಹೆಸರು ಅಳಿಸಲು ಆಜ್ಞೆ ಮಾಡಿದ್ದ. ರೋಮಿನ ಅಣ್ಣತಮ್ಮಂದಿರ ಜಗಳ ಇಂಗ್ಲೆಂಡಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಹೀಗೆ ಉಳಿದುಕೊಂಡಿದೆ. ತಮಾಷೆ ಅಂದರೆ ಕೆರೆದರೂ ಹೆಸರು ಇನ್ನೂ ಓದಲು ಬರುತ್ತದೆ.

ಹೀಗೆ ಹಳೆ ಕಟ್ಟಡದ ಭಾಗ ತಂದು ಹೊಸದಕ್ಕೆ ಸೇರಿಸುವುದಕ್ಕೆ ವಿದ್ವಾಂಸರು ‘ಸ್ಪೋಲಿಯಾ’ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಅದರ ಅರ್ಥ ಲೂಟಿ ಮಾಲು. ಎಲ್ಲ ಸ್ಪೋಲಿಯಾ ಒಂದೇ ಥರ ಅಲ್ಲ. ಎಸ್ಕಮ್‌ನ ತಲೆಕೆಳಗಾದ ಕಲ್ಲು ಅನುಕೂಲಕ್ಕೆ ತಂದದ್ದು. ಸಾವಿರ ಕಿಲೋಮೀಟರು ಆಚೆಯಿಂದ ತೂಕದ ಕಂಬ ಎಳೆಸಿಕೊಂಡು ಬರುವುದು ಮಾತ್ರ ಅನುಕೂಲ ಅಲ್ಲ, ಹಟ.

ಆ ಹಟ ನೋಡಬೇಕಾದರೆ ಜರ್ಮನಿಯ ಆಖನ್‌ಗೆ ಹೋಗಬೇಕು. ಇವತ್ತಿನ ಫ್ರಾನ್ಸ್, ಜರ್ಮನಿ ಕಡೆಯನ್ನು ಆಳುತ್ತಿದ್ದ ಫ್ರಾಂಕರ ದೊರೆ ಶಾರ್ಲಮೇನ್‌ಗೆ ತಾನು ಹೊಸ ರೋಮನ್ ಚಕ್ರವರ್ತಿ ಆಗಬೇಕೆಂಬ ಆಸೆ. 800ರ ಕ್ರಿಸ್‌ಮಸ್ ದಿನ ರೋಮಿನಲ್ಲಿ ಪೋಪ್ ಅವನಿಗೆ ಕಿರೀಟ ಇಟ್ಟರು. ಅದಕ್ಕೆ ಮೊದಲೇ, 790ರ ದಶಕದಲ್ಲಿ, ಅವನ ಅರಮನೆಯ ಚರ್ಚಿನ ಕೆಲಸ ನಡೆದಿತ್ತು. ಶಿಲ್ಪಿ ಮೆಟ್ಜ್ ಊರಿನ ಓಡೋ. ಮಾದರಿ ಇಟಲಿಯ ರವೆನ್ನಾದ ಸಾನ್ ವಿತಾಲೆ, 547ರಲ್ಲಿ ಮುಗಿದ ಎಂಟು ಮೂಲೆಯ ಚರ್ಚು. ಚಕ್ರವರ್ತಿ ಜಸ್ಟಿನಿಯನ್ ಮತ್ತು ರಾಣಿ ಥಿಯೊಡೋರಾ ಮೊಸಾಯಿಕ್‌ನಲ್ಲಿ ನಿಂತಿರುವ ಜಾಗ. ಶಾರ್ಲಮೇನ್ ರವೆನ್ನಾಕ್ಕೆ ಹೋಗಿ ಬಂದಿದ್ದ. ಅಲ್ಲಿನ ಅರಮನೆಯ ಅಮೃತಶಿಲೆ, ಮೊಸಾಯಿಕ್ ತೆಗೆದುಕೊಂಡು ಹೋಗಲು ಪೋಪ್ ಹೇಡ್ರಿಯನ್ ಒಪ್ಪಿಗೆ ಕೊಟ್ಟ ಪತ್ರ ಇವತ್ತಿಗೂ ಇದೆ. ಕಂಬಗಳು ಬೇರೆಲ್ಲೂ ಸಿಗದ್ದರಿಂದ ರೋಮ್ ಮತ್ತು ರವೆನ್ನಾದಿಂದ ತರಿಸಿದ ಅಂತ ಅವನ ಆಸ್ಥಾನದ ಐನ್‌ಹಾರ್ಡ್ ಬರೆದಿಟ್ಟಿದ್ದಾನೆ. ಅಂದರೆ ಆಲ್ಪ್ಸ್ ದಾಟಿಸಿ ತಂದದ್ದು.

ರವೆನ್ನಾ ಮತ್ತು ಆಖನ್ ಅಕ್ಕಪಕ್ಕ ಇಟ್ಟು ನೋಡಿದರೆ ‘ನಕಲು’ ಅನ್ನುವ ಪದವೇ ಅನುಮಾನಕ್ಕೆ ಬರುತ್ತದೆ. ರವೆನ್ನಾದಲ್ಲಿ ಗೋಡೆಗಳು ಅಲೆಯ ಹಾಗೆ ಒಳಹೊರಗೆ ಬಾಗುತ್ತವೆ. ಗುಮ್ಮಟ ಹಗುರ. ಯಾಕೆಂದರೆ ಅದನ್ನು ಟೊಳ್ಳು ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕಟ್ಟಿದ್ದಾರೆ. ಆಖನ್‌ನಲ್ಲಿ ಎಲ್ಲವೂ ನೇರ, ದಪ್ಪ, ಗಟ್ಟಿ. ಎಂಟು ಭಾರಿ ಕಲ್ಲಿನ ಮೂಲೆಗಂಬ, ನಡುವೆ ಎತ್ತರದ ಕಮಾನು, 31 ಮೀಟರ್ ಎತ್ತರಕ್ಕೆ ಎಂಟು ಪಟ್ಟಿಯ ಕಲ್ಲಿನ ಗುಮ್ಮಟ. ಅದು ಬಿರಿಯದ ಹಾಗೆ ಗೋಡೆಯೊಳಗೆ ಕಬ್ಬಿಣದ ಪಟ್ಟಿ ಹುದುಗಿಸಿದ್ದಾರೆ. ಆಲ್ಪ್ಸ್‌ನ ಉತ್ತರಕ್ಕೆ ಎಷ್ಟೋ ಕಾಲ ಇದನ್ನು ಮೀರಿಸುವ ಗುಮ್ಮಟ ಬರಲಿಲ್ಲ. ಆಗಿನವರಿಗೆ ನಕಲು ಅಂದರೆ ಅಳತೆಗೆ ಅಳತೆ ಹೊಂದಿಸುವುದಲ್ಲ. ಎಂಟು ಮೂಲೆ ಬಂತಾ, ನಡುವೆ ಎತ್ತರ ಬಂತಾ, ರೋಮಿನ ಕಂಬ ಇದೆಯಾ, ಅಷ್ಟಾದರೆ ಆಯಿತು. ಮುಂದೆ ಫ್ರಾನ್ಸಿನ ಆಲ್ಸೇಸ್‌ನ ಒಟ್ಮಾರ್ಸ್‌ಹೈಮ್‌ನಲ್ಲಿ ಆಖನ್ ಅನ್ನೇ ನೋಡಿ ಎಂಟು ಮೂಲೆಯ ಚರ್ಚು ಕಟ್ಟಿದರು. 1049ರಲ್ಲಿ ಅದರ ಪ್ರತಿಷ್ಠೆ ಆಯಿತು. ನಕಲಿನ ನಕಲು.

ಮೇಲಿನ ಅಂತಸ್ತಿನಲ್ಲಿ ಶಾರ್ಲಮೇನನದು ಅನ್ನುವ ಸಿಂಹಾಸನ ಇದೆ. 936ರಿಂದ 1531ರವರೆಗೆ ಜರ್ಮನ್ ದೊರೆಗಳಿಗೆ ಪಟ್ಟ ಕಟ್ಟಿದ ಜಾಗ. ಚಿನ್ನ-ರತ್ನ ಏನೂ ಇಲ್ಲ. ಆರು ಮೆಟ್ಟಿಲ ಮೇಲೆ ನಾಲ್ಕು ಅಮೃತಶಿಲೆ ಚಪ್ಪಡಿಗಳನ್ನು ಕಂಚಿನ ಪಟ್ಟಿಯಿಂದ ಬಿಗಿದಿದ್ದಾರೆ. ಪಕ್ಕದ ಚಪ್ಪಡಿಯ ಮೇಲೆ ಬಗ್ಗಿ ನೋಡಿದರೆ ಒಂದರೊಳಗೊಂದು ಚೌಕ, ನಡುವೆ ಗೆರೆ. ನಮ್ಮ ಸಾಲುಮನೆ ಆಟದ ಮನೆಯೇ ಅದು. ಚಪ್ಪಡಿ ಸಿಂಹಾಸನ ಆಗುವ ಮೊದಲು ಎಲ್ಲೋ ನೆಲಕ್ಕೆ ಹಾಸಿತ್ತು, ಕೆಲಸವಿಲ್ಲದ ಕಾವಲಿನವರು ಕೂತು ಆಡಿದ್ದಾರೆ ಅಂತ ಊಹಿಸಿಕೊಳ್ಳುವುದು ಸುಲಭ. ನನಗಂತೂ ಆ ಚರ್ಚಿನಲ್ಲಿ ಅತಿ ಇಷ್ಟದ ಕೆತ್ತನೆ ಇದೇ.

ರೋಮ್ ಹುಚ್ಚು ಎಲ್ಲರಿಗೂ ಸುಖ ಕೊಡಲಿಲ್ಲ. ಜರ್ಮನಿಯ ಫುಲ್ಡಾ ಮಠದ ಹಿರಿಯ ರಾಟ್ಗರ್ ತನ್ನ ಚರ್ಚಿಗೂ ಹಳೆಯ ಸೇಂಟ್ ಪೀಟರ್ಸ್‌ನ ಹಾಗೆ ಪಶ್ಚಿಮ ತುದಿಯಲ್ಲಿ ಭಾರಿ ಅಡ್ಡ ಹಾಲ್ ಬೇಕೆಂದು ಹಿಡಿದ. ಕಟ್ಟಿ ಕಟ್ಟಿ ಸನ್ಯಾಸಿಗಳು ಸೋತುಹೋದರು. ಪ್ರಾರ್ಥನೆಗೆ ಬಂದವರು ಕಲ್ಲು ಹೊರುವಂತಾಯಿತು. ಈ ಅತಿಯಾದ ಕಟ್ಟಡಗಳು ಬೇಡ ಅಂತ ಚಕ್ರವರ್ತಿಗೇ ದೂರು ಕೊಟ್ಟರು. 817ರಲ್ಲಿ ರಾಟ್ಗರನನ್ನು ಪದವಿಯಿಂದ ಇಳಿಸಿದರು. ಆದರೂ ಚರ್ಚು 819ರಲ್ಲಿ ಪ್ರತಿಷ್ಠೆ ಆಯಿತು.

ಇದೇ ಕಾಲದ ಒಂದು ನಕ್ಷೆ ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್ ಮಠದ ಗ್ರಂಥಾಲಯದಲ್ಲಿದೆ. ಐದು ಚರ್ಮದ ಹಾಳೆ ಸೇರಿಸಿ ಹೊಲಿದು, ಅದರ ಮೇಲೆ ಕೆಂಪು ಶಾಯಿಯಲ್ಲಿ ಇಡೀ ಮಠ ಬರೆದಿದ್ದಾರೆ. ಎರಡೂ ತುದಿಗೆ ಆಪ್ಸ್ ಇರುವ ಚರ್ಚು, ಅದಕ್ಕೆ ಅಂಟಿಕೊಂಡು ತೊಟ್ಟಿ ಮನೆಯ ಹಾಗೆ ನಡುವೆ ಅಂಗಳ, ಸುತ್ತ ಕಮಾನಿನ ಮೊಗಸಾಲೆ. ಇದಕ್ಕೆ ಮೂಲ ರೋಮನ್ನರ ದೊಡ್ಡ ಮನೆಗಳ ಒಳಂಗಳ ಅನ್ನುತ್ತಾರೆ. ಬಿಯರ್ ಮನೆ, ಔಷಧಿ ಗಿಡಗಳ ತೋಟ, ಕೋಳಿಗೂಡು, ಕಕ್ಕಸು ಕೂಡ ಬಿಟ್ಟಿಲ್ಲ. ಹಾಗೆ ಯಾರೂ ಕಟ್ಟಲಿಲ್ಲ. ನಕ್ಷೆ ಉಳಿದದ್ದೂ ಅದರ ಬೆಲೆಗಾಗಿ ಅಲ್ಲ. 12ನೇ ಶತಮಾನದಲ್ಲಿ ಯಾರೋ ಅದರ ಬೆನ್ನಿಗೆ ಸಂತ ಮಾರ್ಟಿನನ ಕಥೆ ಬರೆದು ಮಡಚಿ ಇಟ್ಟರು. ಕಥೆಯ ದೆಸೆಯಿಂದ ನಕ್ಷೆ ಬಚಾವಾಯಿತು.

ಈಗ ಮಾಡಿನ ವಿಷಯ. ರೋಮನ್ನರ ನಿಜವಾದ ಸೊತ್ತು ಕಂಬ ಅಲ್ಲ, ಕಾಂಕ್ರೀಟು. ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸಿ, ಮರದ ಸೆಂಟ್ರಿಂಗ್ ಮೇಲೆ ಪದರ ಪದರವಾಗಿ ಹಾಕಿ, ಪ್ಯಾಂಥಿಯನ್ನಿನಂಥ ಗುಮ್ಮಟ ಎಬ್ಬಿಸಿದ್ದರು. ಆ ಬೂದಿ ಇಟಲಿಯಲ್ಲಿ ಸಿಗುತ್ತಿತ್ತು, ಇಂಗ್ಲೆಂಡಿನಲ್ಲಿ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಅಂಥ ಕೆಲಸಕ್ಕೆ ಬೇಕಾದ ಹಣ, ಆಳು, ಸಾಗಾಟದ ಏರ್ಪಾಟು ಸಾಮ್ರಾಜ್ಯದ ಜೊತೆಗೇ ಹೋಗಿತ್ತು. ಆಕಾರ ಉಳಿಯಿತು, ಕಂಬ ಉಳಿಯಿತು, ವಿದ್ಯೆ ಉಳಿಯಲಿಲ್ಲ. ಹಾಗಾಗಿ ಹೆಚ್ಚಿನ ಚರ್ಚುಗಳಿಗೆ ಸಾಂತಾ ಸಬೀನಾದ ಹಾಗೆ ಮರದ ಮಾಡೇ ಗತಿ. ಮೋಂಬತ್ತಿ, ಸಿಡಿಲು, ದಾಳಿಕೋರರು, ಯಾವುದಾದರೂ ಒಂದರಿಂದ ಅದು ಸುಟ್ಟುಹೋಗುತ್ತಲೇ ಇತ್ತು.

ಕಲ್ಲಿನ ಮಾಡು ಬೇಕು ಅಂದರೆ ಕಮಾನು ಕಟ್ಟಬೇಕು. ಅತಿ ಸರಳವಾದದ್ದು ನಮ್ಮ ಸವಾರಿ ಗಾಡಿಯ ಕಮಾನಿನ ಆಕಾರ, ಉದ್ದಕ್ಕೆ ಒಂದೇ ಬಾಗು. ಆದರೆ ಕಲ್ಲಿನ ಕಮಾನು ತನ್ನ ಭಾರವನ್ನು ನೇರ ಕೆಳಗೆ ಇಳಿಸುವುದಿಲ್ಲ, ಗೋಡೆಯನ್ನು ಹೊರಕ್ಕೆ ಒದೆಯುತ್ತದೆ. ತಡೆಯಲು ಗೋಡೆ ದಪ್ಪ ಮಾಡಬೇಕು. ಕಿಟಕಿ ಕೊರೆದಷ್ಟೂ ಗೋಡೆ ಬಡವಾಗುತ್ತದೆ. ಅಂದರೆ ಬೆಂಕಿಯಿಂದ ಪಾರಾದರೆ ಕತ್ತಲೆ, ಬೆಳಕು ಬೇಕಾದರೆ ಬೆಂಕಿಯ ಭಯ. ಸ್ಪೇನಿನ ಓವಿಯೆದೋ ಹತ್ತಿರ ಸಾಂತಾ ಮರಿಯಾ ದೆಲ್ ನರಾಂಕೋ ಅನ್ನುವ ಸಣ್ಣ ಕಟ್ಟಡದಲ್ಲಿ 840ರ ದಶಕದಲ್ಲೇ ಕಲ್ಲಿನ ಕಮಾನು ಮಾಡು ಸಾಧಿಸಿದ್ದರು. ಅದು ಮೊದಲು ರಾಜನ ಹಾಲ್, ಆಮೇಲೆ ಚರ್ಚು. ಮತ್ತೆ ಕಚೇರಿಯಿಂದ ಚರ್ಚಿಗೆ!

ದೊಡ್ಡ ಅಳತೆಯಲ್ಲಿ ಗೆದ್ದವರು ಜರ್ಮನಿಯ ಸ್ಪೈಯರ್‌ನವರು. 1030ರ ಸುಮಾರಿಗೆ ಶುರುವಾದ ಕೆಥೆಡ್ರಲ್ಲಿಗೆ ಮೊದಲು ಮರದ ಮಾಡಿತ್ತು. 1080ರ ದಶಕದಲ್ಲಿ ಅದನ್ನು ತೆಗೆದು, ಎರಡು ಕಮಾನುಗಳು ಒಂದನ್ನೊಂದು ಅಡ್ಡ ಕತ್ತರಿಸುವ ಕಲ್ಲಿನ ಮಾಡು ಹಾಕಿದರು. ಹೀಗೆ ಮಾಡಿದರೆ ಒದೆತ ಗೋಡೆಯ ಉದ್ದಕ್ಕೂ ಬೀಳದೆ ನಾಲ್ಕು ಮೂಲೆಯ ಕಂಬಗಳಿಗೆ ಇಳಿಯುತ್ತದೆ. ನಡುವಿನ ಗೋಡೆಯಲ್ಲಿ ಕಿಟಕಿ ಇಡಬಹುದು. ರೋಮನ್ನರು ಸ್ನಾನಗೃಹಗಳಲ್ಲಿ ಕಾಂಕ್ರೀಟಿನಿಂದ ಮಾಡಿದ್ದನ್ನೇ ಇವರು ಕಲ್ಲು ಜೋಡಿಸಿ, 30 ಮೀಟರಿಗೂ ಮೇಲೆ ಮಾಡಿ ತೋರಿಸಿದರು.

ಈ ಕಾಲದ ಶೈಲಿಗೆ ರೋಮನೆಸ್ಕ್ ಅನ್ನುವ ಹೆಸರು ಬಂದದ್ದು ತುಂಬ ತಡವಾಗಿ. 1818ರಲ್ಲಿ ನಾರ್ಮಂಡಿಯ ಶಾರ್ಲ್ ದ ಜೆರ್ವಿಲ್ ಅನ್ನುವ ವಿದ್ವಾಂಸ ಗೆಳೆಯನಿಗೆ ಬರೆದ ಪತ್ರದಲ್ಲಿ ಈ ಪದ ಬಳಸಿದ. ಹೊಗಳಲು ಅಲ್ಲ. ನಮ್ಮ ಒರಟು ಪೂರ್ವಜರು ಕೆಡಿಸಿದ ರೋಮನ್ ಶೈಲಿ ಅನ್ನುವ ಧಾಟಿ ಅವನದು. ಅದೇ ಕಾಲದಲ್ಲಿ ಲ್ಯಾಟಿನ್ ಕೂಡ ಮುರಿದು ಫ್ರೆಂಚಿನಂಥ ಭಾಷೆಗಳಾಯಿತಲ್ಲ, ಇದೂ ಹಾಗೇ ಅಂದ.

ಆ ಒರಟು ಪೂರ್ವಜರ ಕೆಲಸಕ್ಕೆ ಒಂದು ಪರೀಕ್ಷೆ ಆಗಲೇ ನಡೆದಿತ್ತು. 1794ರಲ್ಲಿ ಆಖನ್ ಹಿಡಿದ ಫ್ರೆಂಚ್ ಸೈನ್ಯ ಶಾರ್ಲಮೇನ್ ತರಿಸಿದ ಕಂಬಗಳನ್ನು ಕಿತ್ತು ಪ್ಯಾರಿಸ್‌ಗೆ ಸಾಗಿಸಿತು. ದೊಡ್ಡ ಕಮಾನುಗಳ ಬಾಯಲ್ಲಿ ಎರಡು ಅಂತಸ್ತಾಗಿ ನಿಲ್ಲಿಸಿದ್ದ ಕಂಬಗಳು ಅವು. ಕಿತ್ತರೂ ಗುಮ್ಮಟ ಅಲುಗಲಿಲ್ಲ. ಭಾರವೆಲ್ಲ ಓಡೋನ ದಪ್ಪ ಮೂಲೆಗಂಬಗಳ ಮೇಲೇ ಇತ್ತು. ರೋಮಿನಿಂದ ಅಷ್ಟು ಕಷ್ಟಪಟ್ಟು ತಂದ ಕಂಬಗಳು ಸಾವಿರ ವರ್ಷ ಏನನ್ನೂ ಹೊತ್ತಿರಲಿಲ್ಲ, ಸುಮ್ನೆ ರೋಮಿನವಾಗಿ ನಿಂತಿದ್ದವು. 1815ರಲ್ಲಿ ಅವುಗಳಲ್ಲಿ ಒಂದಷ್ಟು ವಾಪಸ್ ಬಂದವು. ಉಳಿದವು ಈಗಲೂ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿವೆ.